ಹೋರಿಯ ಚಾರ್ಜು

ಸರ್ಕಾರದ ದೇವಣಿ ಹೋರಿ ನಮ್ಮೂರಿಗೆ ಲಾರಿಯಲ್ಲಿ ನಿಂತುಕೊಂಡು ಬಂತು. ಅಲ್ಲಿಯವರೆಗೆ ಹಾಗೆ ಲಾರಿಯಲ್ಲಿ ನಿಂತು ಬಂದವರೆಂದರೆ ಓಟು ಕೇಳುವವರು ಮಾತ್ರ. ಹೋರಿ ಅವರಿಗಿಂತ ಗಂಭೀರವಾಗಿ ಇಳಿಯಿತು, ಏನೂ ಆಶ್ವಾಸನೆ ಕೊಡಲಿಲ್ಲ. ಬಿಳಿ ಮೈ, ಮೇಲೆ ಕರಿ ಮಚ್ಚೆ, ಜೋತುಬಿದ್ದ ಕಿವಿ, ಬಲತೊಡೆಯ ಮೇಲೆ ಸುಟ್ಟು ಹಾಕಿದ ಸರ್ಕಾರದ ನಂಬರು. ಊರ ಆಕಳುಗಳ ತಳಿ ಸುಧಾರಿಸಲಿ ಎಂದು ಕಳಿಸಿದ್ದರು. ನಾವು ಮೈಸೂರು ರಾಜ್ಯದವರಾಗಿ ಹತ್ತು ಹನ್ನೆರಡು ವರ್ಷ ಆಗಿರಬೇಕು. ಸುಧಾರಣೆಯ ಕಾಲ ಅದು.

ಹೋರಿಗಿಂತ ಸ್ವಲ್ಪ ಮೊದಲು ಇನ್ನೊಂದು ಬಂದಿತ್ತು. ಅದು ಚಾರ್ಜು ಅನ್ನುವ ಮಾತು. ನಿಜಾಮನ ಕಾಲದಲ್ಲಿ ಬಸ್ಸಿಗೆ ಕೊಡುವುದು ಕಿರಾಯಿ ಆಗಿತ್ತು. ಒಬ್ಬರ ವಸ್ತು ಇನ್ನೊಬ್ಬರ ಕೈಗೆ ಒಪ್ಪಿಸಿದರೆ ಅದು ಹವಾಲಿ. ತಪ್ಪು ಹೊರಿಸಿದರೆ ಇಲ್ಜಾಮು. ಪೊಲೀಸರು ಹೊಡೆದರೆ ಹೊಡೆತ. ಊರಲ್ಲಿ ಬಡಿಗ, ಕುಂಬಾರ, ಅಗಸ ಇದ್ದ ಹಾಗೆ ಒಂದೊಂದು ಕೆಲಸಕ್ಕೆ ಒಂದೊಂದು ಮಾತು ಇತ್ತು. ಈ ಇಂಗ್ಲಿಷ್ ಮಾತು ಬಂದದ್ದೇ ಎಲ್ಲರ ಕೆಲಸವನ್ನೂ ತಾನೇ ಹಿಡಿಯಿತು. ಕಂಡಕ್ಟರ್ ಕೈಚಾಚಿದರೆ ಚಾರ್ಜು. ಪಂಚಾಯಿತಿಯ ರೇಡಿಯೊ ಗೊರಗೊರ ಅಂದರೆ ಅದರ ಬ್ಯಾಟರಿಯನ್ನು ಶಹಾಬಾದಿಗೆ ಹೊತ್ತುಕೊಂಡು ಹೋಗಿ ಮಾಡಿಸಿ ತರುವುದೂ ಚಾರ್ಜು. ನಮ್ಮೂರಲ್ಲಿ ಎತ್ತುಗಳ ಕಾಲಿಗೆ ನಾಲು ಬಡಿಯುತ್ತಿದ್ದ ಮೌಲಾಲಿ ಒಮ್ಮೆ ಸಂತೆಗೆ ಹೋದಾಗ ಅಲ್ಲಿ ಏನೋ ಗಲಾಟೆಯಾಗಿ, ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿಕೊಂಡು ಬಂದ.

"ಏನಾತೋ?" ಅಂದೆವು.

"ಹೋಗ್ವಾಗ ಬಸ್ಸಿನವ ಚಾರ್ಜ್ ತಗೊಂಡ. ಬರ್ವಾಗ ಪೊಲೀಸ್ರು ಚಾರ್ಜ್ ಕೊಟ್ರು. ಲೆಕ್ಕ ಚುಕ್ತಾ ಆತು" ಅಂದ.

ಯಾರಿಗೂ ಈ ಮಾತು ಪೂರ್ತಿ ತಿಳಿದಿರಲಿಲ್ಲ. ಅದಕ್ಕೇ ಎಲ್ಲರೂ ಅದನ್ನು ಧೈರ್ಯವಾಗಿ ಆಡುತ್ತಿದ್ದರು.

ಹೋರಿಯನ್ನು ನೋಡಿಕೊಳ್ಳಲು ಅಂಬರಾಯ ಅನ್ನುವ ಕಂಪೌಂಡರ್ ಇದ್ದ. ಮಹಾದೇವಮ್ಮನ ಹಿತ್ತಲಿಗೆ ಅಂಟಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದ. ಊರೆಲ್ಲ ಆಕೆಯನ್ನು ಮಾದೇವಕ್ಕ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎತ್ತು ಮಾರಿ, ಹೊಲವನ್ನು ನನಗೆ ಪಾಲಿಗೆ ಕೊಟ್ಟಿದ್ದಳು. ಒಂದು ಹಯನಿನ ಎಮ್ಮೆ ಇಟ್ಟುಕೊಂಡು, ಹಾಲನ್ನು ಪಕ್ಕದೂರು ಆಡಕಿಯ ಚಹಾದ ಅಂಗಡಿಗೆ ಹಾಕಿ ಬದುಕುತ್ತಿದ್ದಳು. ಸುಗ್ಗಿಯಾದ ಮೇಲೆ ಅವಳ ಪಾಲಿನ ಜೋಳದ ಒಣ ದಂಟನ್ನು, ನಮ್ಮ ಮಾತಿನ ಕಣಕಿಯನ್ನು, ನಾನೇ ತಂದು ಹಿತ್ತಲಲ್ಲಿ ಬಣವಿ ಒಟ್ಟಿಕೊಟ್ಟಿದ್ದೆ. ಮುಂದಿನ ಮಳೆಗಾಲದ ಹಸಿ ಹುಲ್ಲು ಬರುವವರೆಗೆ ಎಮ್ಮೆಯ ಹೊಟ್ಟೆ ಆ ಬಣವಿಯಲ್ಲಿತ್ತು. ಎಮ್ಮೆಯ ಹೊಟ್ಟೆಯಲ್ಲಿ ಮಾದೇವಕ್ಕನ ಹೊಟ್ಟೆ ಇತ್ತು.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಅಂಬರಾಯ ಟ್ರಂಕು ತಲೆಯ ಮೇಲೆ ಇಟ್ಟುಕೊಂಡು, ಹೋರಿಯ ಹಗ್ಗ ಕೈಯಲ್ಲಿ ಹಿಡಿದುಕೊಂಡು ಅವಳ ಅಂಗಳಕ್ಕೆ ಬಂದ.

"ಮಾದೇವಕ್ಕಾ, ನನಗ ಚಿಂಚೋಳಿ ಕಡಿ ಐನಾಪುರಕ್ಕ ವರ್ಗ ಆಗ್ಯಾದ. ಹೊಸಬ ಬರೂತನಾ ಹೋರಿ ಚಾರ್ಜ್ ನಿನ್ನ ಕಡಿ ಇರ್ಲಿ."

"ನನಗ್ಯಾಕಪ್ಪ ಚಾರ್ಜು? ನಾ ಬಸ್ಸಿನ್ಯಾಗ ಎಲ್ಲೂ ಹೋಗಾಕಿಲ್ಲ."

"ಆ ಚಾರ್ಜ್ ಅಲ್ಲ ಯವ್ವ. ಹುಲ್ಲು ನೀರು ನೋಡ್ಕೊಳ್ಳೋದು. ಎರಡ ದಿನದ ಮಾತು."

"ಹುಲ್ಲು ಯಾರ್ದು?"

ಅಂಬರಾಯ ಹಗ್ಗವನ್ನು ಬೇವಿನ ಗಿಡಕ್ಕೆ ಕಟ್ಟಿ ಮುಗಿಸಿದ. "ಚಾರ್ಜ್ ಯಾರ ಕಡಿ ಇರ್ತದೋ ಹುಲ್ಲೂ ಅವ್ರುದೇ" ಅಂದು ಚಿಂಚೋಳಿಯ ದಾರಿ ಹಿಡಿದ.

ಹೊಸಬ ಬರಲಿಲ್ಲ. ಹೋರಿ ತಿಂದಿತು. ಅದು ತಿನ್ನುವುದನ್ನು ನಿಂತು ನೋಡಬೇಕು. ಆತುರ ಇಲ್ಲ, ಬಿಡುವೂ ಇಲ್ಲ, ಸಂಬಳ ತಪ್ಪದ ನೌಕರನ ಹಾಗೆ. ಮಾದೇವಕ್ಕನ ಹಿತ್ತಲಿಗೂ ಮೌಲಾಲಿಯ ಹಿತ್ತಲಿಗೂ ನಡುವೆ ಆ ಬಣವಿಯೇ ಗೋಡೆಯಾಗಿತ್ತು. ಸುಗ್ಗಿಯಲ್ಲಿ ಮೌಲಾಲಿಯ ಹೆಂಡತಿ ಮಾಶಾಬಿ ಆ ಕಡೆಯಿಂದ ಕೂಗಿದರೆ ದನಿ ಮಾತ್ರ ಕೇಳುತ್ತಿತ್ತು. ಶಿವರಾತ್ರಿಗೆ ಅವಳ ತಲೆಯ ಸೆರಗು ಕಂಡಿತು. ಹೋಳಿಯ ಹೊತ್ತಿಗೆ ಇಬ್ಬರೂ ಬಣವಿಯ ಮೇಲೆ ಮೊಣಕೈ ಊರಿಕೊಂಡು ಎಲೆ ಅಡಿಕೆ ಹಂಚಿಕೊಳ್ಳುವಂತಾಯಿತು.

"ನಿನ್ ಮುಖಾ ನೋಡಿ ಖುಷಿ ಆಗ್ತದ ಅಕ್ಕಾ. ಆದ್ರ ಹಿಂಗ ಪೂರಾ ಕಾಣ್ಲಿಕತ್ರ ಛಲೋ ಅಲ್ಲ" ಅಂದಳು ಮಾಶಾಬಿ. "ಹಗ್ಗಾ ಬಿಚ್ಚಿ ಬಿಡು. ಎಲ್ಲರೆ ಹೋಗಿ ಸಾಯ್ಲಿ."

"ಸತ್ರ ನನ್ನ ಒಯ್ತಾರಲ್ಲ ಮಾಶಾಬಿ. ಸರ್ಕಾರದ್ದು. ತೊಡಿ ಮ್ಯಾಗ ನಂಬರ್ ಅದ. ಯಾರ್ದರೆ ಹೊಲಾ ಹೊಕ್ಕರ ಕೊಂಡವಾಡಿನ್ಯಾಗ ಕೂಡ್ತಾರ. ಬಿಡಿಸ್ಕೊಂಡು ಬರೋದೂ ನಾನೇ."

ಎಮ್ಮೆಗೆ ಅರೆಹೊಟ್ಟೆಯಾಯಿತು. ಹಾಲು ಇಳಿಯಿತು. ಚಹಾದಂಗಡಿಯವನು ಬೇರೆ ಮನೆಯ ಹಾಲು ನೋಡುತ್ತಿದ್ದಾನೆ ಅನ್ನುವ ಸುದ್ದಿ ಬಂತು. ಮಾದೇವಕ್ಕ ಒಂದು ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು, "ನಡಿ ತಮ್ಮಾ, ಕಚೇರಿಗಿ ಹೋಗಿ ಬರೋಣು" ಅಂದಳು.

ಸೇಡಂನ ದನದ ಇಲಾಖೆಯ ಕಚೇರಿಯಲ್ಲಿ ಒಬ್ಬ ಗುಮಾಸ್ತ ಇದ್ದ. ಕೆಟ್ಟವನಲ್ಲ. ನಮ್ಮನ್ನು ಕುಂದ್ರಿ ಅಂದ, ನೀರು ಕೊಡಿಸಿದ, ಪೂರ್ತಿ ಕೇಳಿಸಿಕೊಂಡ. ಹಾಗೆ ಕೇಳಿಸಿಕೊಂಡದ್ದರಿಂದಲೇ ನಮಗೆ ಆಸೆ ಹುಟ್ಟಿ ತೊಂದರೆಯಾದದ್ದು.

"ಡಾಕ್ಟರ್ ಸಾಹೇಬ್ರು ಅದಾರೇನ್ರಿ?" ಅಂದಳು ಮಾದೇವಕ್ಕ.

"ಡಾಕ್ಟರ್ ಇಲ್ಲ ಯವ್ವ. ಇನ್‌ಚಾರ್ಜ್ ಅದಾರ."

"ಅವ್ರನ್ನೇ ಕರೀರಿ."

"ಇನ್‌ಚಾರ್ಜ್ ಇದ್ದವ್ರು ಇಲ್ಲಿ ಇರಂಗಿಲ್ಲ. ಬಾಜೂ ತಾಲೂಕಿನ್ಯಾಗ ಇರ್ತಾರ."

"ಅಲ್ಲಿಗೇ ಹೋಗ್ತೀವಿ ಹಂಗಾದ್ರ."

"ಅಲ್ಲೀನೂ ಅವ್ರು ಇನ್‌ಚಾರ್ಜೇ. ಅಲ್ಲಿಗಿ ಹೋದ್ರ ಇಲ್ಲಿ ಅದಾರ ಅಂತಾರ."

ಮಾದೇವಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಗುಮಾಸ್ತ ಕನ್ನಡಕ ಏರಿಸಿಕೊಂಡು ಕೇಳಿದ: "ನಿಮಗ ಹೋರಿ ಚಾರ್ಜ್ ಯಾರು ಕೊಟ್ರು?"

"ಕಂಪೌಂಡರ್ ಅಂಬರಾಯ."

"ಅವಗ ಚಾರ್ಜ್ ಕೊಡೋ ಅಧಿಕಾರನೇ ಇಲ್ಲ."

ಮಾದೇವಕ್ಕನ ಮುಖ ಅರಳಿತು. "ಅಂದ್ರ ಚಾರ್ಜ್ ನನ್ನ ಕಡಿ ಇಲ್ಲ ಅಂದಂಗಾತು. ಭಾಳ ಪುಣ್ಯ ಬಂತ್ರಿ ನಿಮಗ. ಹೋರಿ ಒಯ್ಯಲಿಕ್ಕ ಯಾರಿಗಾದ್ರೂ ಕಳಸ್ರಿ."

"ಹೋರಿ ನಿಮ್ಮ ಕಡಿ ಅದಲ್ಲ."

"ಹೌದ್ರಿ."

"ಚಾರ್ಜ್ ನಿಮ್ಮ ಕಡಿ ಇಲ್ಲ. ಇಲ್ಲದ ಚಾರ್ಜ್ ನಾವು ತಗೊಳ್ಳೋದು ಹ್ಯಾಂಗ?"

ಗುಮಾಸ್ತನಿಗೂ ಪಾಪ ಅನ್ನಿಸಿರಬೇಕು. ದನಿ ತಗ್ಗಿಸಿ ಬುದ್ಧಿ ಹೇಳಿದ. "ಹೋರಿ ಸೊರಗಲಾರದಂಗ ನೋಡ್ಕೋ ಯವ್ವ. ಎಲುಬು ಕಂಡ್ರ ಚಾರ್ಜ್‌ಶೀಟ್ ಆಗ್ತದ."

"ಯಾರಿಗಿ?"

"ಚಾರ್ಜ್ ಇದ್ದವ್ರಿಗಿ."

"ಈಗ ಅಂದ್ರಿ ನನ್ನ ಕಡಿ ಇಲ್ಲಂತ!"

"ಹುಲ್ಲಿನ ರೊಕ್ಕ ಕೇಳ್ಲಿಕ್ಕ ಇಲ್ಲ" ಅಂದ ಗುಮಾಸ್ತ. "ಶಿಕ್ಷಾ ತಗೊಳ್ಲಿಕ್ಕ ಅದ."

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಬಂದು "ಚಾರ್ಜ್ ತೆಗೀರಿ" ಅಂದಾಗ ಮಾದೇವಕ್ಕ ಅವನನ್ನು ನೋಡಿದ ನೋಟಕ್ಕೆ ಅವನು ಮುಂದಿನ ಸೀಟಿಗೆ ಹೋಗಿಬಿಟ್ಟ. ನಾನೇ ಕೊಟ್ಟೆ. ಆಡಕಿ ದಾಟಿದ ಮೇಲೆ ಅವಳು ಅಂದಳು:

"ಮೊದಲ ಹವಾಲಿ ಅಂತಿದ್ವಿ. ಕೊಟ್ಟವನೂ ಕಣ್ಣಿಗಿ ಕಾಣ್ತಿದ್ದ, ತಗೊಂಡವನೂ ಕಾಣ್ತಿದ್ದ. ಇದ್ರಾಗ ಹೋರಿ ಒಂದೇ ಕಾಣ್ಲಿಕತ್ತಾದ."

"ಹೌದಕ್ಕ."

"ಯಾರ ಹವಾಲಿ ಮಾಡಿದ್ರ ಸರ್ಕಾರದವ್ರು ಹೋಗಿ ಕೇಳಂಗಿಲ್ಲ ತಮ್ಮಾ?"

"ಯಾರ ಹವಾಲಿ ಅಕ್ಕ?" ಅಂದೆ.

"ದೇವರ ಹವಾಲಿ" ಅಂದಳು.

ನಮ್ಮ ಕಡೆ ಮನೆಯ ಹಿರಿಯ ತೀರಿಕೊಂಡರೆ ಅವನ ಹೆಸರಿನಲ್ಲಿ ಒಂದು ಹೋರಿಗರುವನ್ನು ಬಸವ ಎಂದು ಬಿಡುವುದುಂಟು. ಅದಕ್ಕೆ ಹಗ್ಗವಿಲ್ಲ, ನೊಗವಿಲ್ಲ, ಒಡೆಯನಿಲ್ಲ. ಊರೆಲ್ಲ ತಿರುಗುತ್ತದೆ, ಯಾರ ರಾಶಿಗೆ ಬಾಯಿ ಹಾಕಿದರೂ ಬಡಿಯುವುದಿಲ್ಲ. ಮಾದೇವಕ್ಕನಿಗೂ ಗಂಡನ ಹೆಸರಿನಲ್ಲಿ ಬಿಡಬೇಕೆಂದು ಇತ್ತು. ಕರು ಕೊಳ್ಳುವ ಶಕ್ತಿ ಇರಲಿಲ್ಲ.

ಮಠದ ಅಯ್ಯನವರ ಹತ್ತಿರ ಹೋದೆವು. ವಯಸ್ಸಾದವರು, ಹೆದರುವವರು. ಮೊದಲು ಕೈ ಅಲ್ಲಾಡಿಸಿದರು.

"ಸರ್ಕಾರದ ದನ ದೇವ್ರಿಗಿ ಬಿಡೋದು ಯಾವ ಶಾಸ್ತ್ರದಾಗೂ ಇಲ್ಲ ಮಾದೇವಿ."

"ಸರ್ಕಾರದ ದನ ರಂಡಿ ಮುಂಡೇದ ಬಣವಿ ತಿನ್ನೋದು ಯಾವ ಶಾಸ್ತ್ರದಾಗ ಅದ ಅಜ್ಜಾರ?"

ಅಯ್ಯನವರು ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತರು. ಅವರ ತೊಗರಿಯ ರಾಶಿಯೂ ಇನ್ನೂ ಕಣದಲ್ಲಿತ್ತು, ಬಸವ ಬಂದರೆ ಮೊದಲು ಅಲ್ಲಿಗೇ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೂ ಕಡೆಗೆ ಕೇಳಿದರು: "ಅದು ಬಂದಾಗ ಹ್ಯಾಂಗಿತ್ತು?"

"ಲಾರಿಯಾಗ ನಿಂತು ಬಂದು ಸೊರಗಿತ್ತು. ಆಮ್ಯಾಗ ಅಂಬರಾಯ ಏನು ಹಾಕ್ದನೋ ದೇವ್ರಿಗೇ ಗೊತ್ತು."

"ಈಗ ಮೈ ತುಂಬಿದ್ದು ಯಾರ ಕಣಕಿಲಿಂದ?"

"ನಂದ್ರಿ."

"ಹಂಗಾದ್ರ ಮೈ ನಿಂದು. ನಂಬರ್ ಅಷ್ಟೇ ಸರ್ಕಾರದ್ದು. ಮೈ ನೀ ಬಿಡಬಹುದು. ನಂಬರ್ ಬೇಕಾದ್ರ ಅವ್ರು ಬಂದು ಒಯ್ಲಿ."

ಸೋಮವಾರ ಬಸವಣ್ಣನ ಗುಡಿಯ ಮುಂದೆ ಹೋರಿಗೆ ಎಣ್ಣೆ ಹಚ್ಚಿ ಮೈ ತೊಳೆದರು. ಎಡತೊಡೆಗೆ ಲಿಂಗದ ಮುದ್ರೆ ಹಾಕಬೇಕಿತ್ತು. ಕಬ್ಬಿಣ ಕಾಸಿ ಹಿಡಿಯುವ ಹದ ಮೌಲಾಲಿಗೆ ಬಿಟ್ಟರೆ ಯಾರಿಗೂ ಬರುತ್ತಿರಲಿಲ್ಲ, ಊರ ಎಲ್ಲ ಬಸವಗಳಿಗೆ ಮುದ್ರೆ ಹಾಕಿದವನು ಅವನೇ, ಅವನ ಅಪ್ಪನೇ. ಮುದ್ರೆ ಒತ್ತಿ, ಸುಟ್ಟಲ್ಲಿ ಬೆಣ್ಣೆ ಸವರುತ್ತ ಅಂದ:

"ಒಂದು ತೊಡಿ ಸರ್ಕಾರಕ್ಕ, ಒಂದು ತೊಡಿ ಸ್ವಾಮಿಗಿ. ಪಾಪ, ಎರಡೂ ಕಡಿ ಸುಟ್ಟ ಮ್ಯಾಗೇ ಇದಕ್ಕ ಬಿಡುಗಡಿ."

ಅಯ್ಯನವರು ಹೋರಿಯ ಕಿವಿಯಲ್ಲಿ ಅವಳ ಗಂಡನ ಹೆಸರು ಹೇಳಿದರು. ಮಾದೇವಕ್ಕ ಹಗ್ಗ ಬಿಚ್ಚಿ, ಮೂರು ಸುತ್ತು ಬಂದು, ಅದರ ಕಾಲು ಮುಟ್ಟಿ ಹಣೆಗೆ ಒತ್ತಿಕೊಂಡಳು. ಹೋರಿ ಸ್ವಲ್ಪ ಹೊತ್ತು ನಿಂತೇ ಇತ್ತು, ಬಿಟ್ಟದ್ದು ಅದಕ್ಕೆ ತಿಳಿಯಲಿಲ್ಲ. ಆಮೇಲೆ ನಿಧಾನ ನಡೆದು ನೇರ ಅಯ್ಯನವರ ತೊಗರಿ ರಾಶಿಗೆ ಹೋಯಿತು. ಅಯ್ಯನವರು ಕಣ್ಣು ಮುಚ್ಚಿಕೊಂಡು "ಶಿವಾ" ಅಂದರು.

ಅವತ್ತಿನಿಂದ ಹೋರಿ ಊರ ಮನೆ ಮನೆಯಲ್ಲಿ ಉಂಡಿತು. ಒಬ್ಬರ ಮನೆಯಲ್ಲಿ ಹೊಟ್ಟು, ಇನ್ನೊಬ್ಬರಲ್ಲಿ ನುಚ್ಚು. ಯಾರಿಗೂ ಹೊರೆ ಅನ್ನಿಸಲಿಲ್ಲ, ಬೈದವರೂ ಸಣ್ಣ ದನಿಯಲ್ಲಿ ಬೈದರು. ಆಕಳುಗಳ ತಳಿ ಸುಧಾರಿಸುವ ಕೆಲಸವೂ ಅಂಬರಾಯನ ಕಾಲದಲ್ಲಿ ಆಗದಷ್ಟು ನಡೆಯತೊಡಗಿತು. ಮಾದೇವಕ್ಕನ ಬಣವಿ ಮೊಣಕೈ ಮಟ್ಟಕ್ಕೆ ಉಳಿದಿತ್ತು. ಇನ್ನು ಎಮ್ಮೆ ಒಂದೇ ತಿಂದರೆ ಅದು ಮಳೆಗಾಲದವರೆಗೆ ಬರುತ್ತಿತ್ತು. ಹಾಲು ಮತ್ತೆ ಏರಿತು.

ಹೋರಿಯನ್ನು ಕಟ್ಟಿದ್ದಾಗ ಯಾರಿಗೂ ಬೇಕಾಗಿರಲಿಲ್ಲ. ಬಿಟ್ಟಿದ್ದಾರೆ ಅನ್ನುವ ಸುದ್ದಿ ಮುಟ್ಟಿದ್ದೇ ಜೀಪು ಬಂತು.

ಕಡೆಗೂ ಒಬ್ಬ ಡಾಕ್ಟರ್ ನೇಮಕವಾಗಿದ್ದರು. ಮೈಸೂರಿನ ಕಡೆಯವರು, ಸಣ್ಣ ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ಜೊತೆಗೆ ಅದೇ ಗುಮಾಸ್ತ, ಒಬ್ಬ ಡ್ರೈವರ್. ಹೋರಿ ಗುಡಿಯ ಮುಂದೆ ಮಲಗಿ ಮೆಲುಕು ಹಾಕುತ್ತಿತ್ತು. ಡಾಕ್ಟರ್ ಅದರ ಬಲತೊಡೆ ನೋಡಿ ತಲೆ ಆಡಿಸಿದರು. ಎಡತೊಡೆ ನೋಡಿ ನಿಂತುಬಿಟ್ಟರು.

"ಇದರ ಚಾರ್ಜ್ ಯಾರ ಹತ್ರ ಇತ್ತು?"

ಊರೆಲ್ಲ ಮಾದೇವಕ್ಕನ ಕಡೆ ನೋಡಿತು. ಅವಳು ಮುಂದೆ ಬಂದಳು.

"ಸರ್ಕಾರದ ಪ್ರಾಣಿ ಕಣಮ್ಮ ಇದು. ಈಗ ಯಾರ ಹೆಸರಲ್ಲಿ ಬಿಟ್ಟಿದ್ದೀರಿ?"

ಮಾದೇವಕ್ಕ ಸೆರಗು ಮುಂದಕ್ಕೆ ಎಳೆದುಕೊಂಡು ನೆಲ ನೋಡಿದಳು.

"ಹೆಸರು ಹೇಳಿ."

"ಬರಂಗಿಲ್ರಿ."

"ಗೊತ್ತಿಲ್ವಾ?"

"ಗೊತ್ತದರಿ. ಬಾಯಿಲಿಂದ ಬರಂಗಿಲ್ಲ."

ಡಾಕ್ಟರ್ ಗುಮಾಸ್ತನ ಕಡೆ ತಿರುಗಿ, ಇದರಲ್ಲಿ ಏನೋ ಇದೆ ಅನ್ನುವ ಹಾಗೆ ಹುಬ್ಬು ಏರಿಸಿದರು. "ನೋಡಮ್ಮ, ಹೋರಿ ಮಾರಿದ್ದೀರಾ? ಯಾರಿಗೋ ಹೆದರಿಕೊಂಡು ಮುಚ್ಚಿಡ್ತಾ ಇದೀರಾ? ಹೆಸರು ಹೇಳದೇ ಇದ್ರೆ ಪೊಲೀಸಿಗೆ ಕೊಡ್ತೀನಿ. ನಿಮ್ಮ ಮೇಲೇ ಚಾರ್ಜ್‌ಶೀಟ್ ಆಗುತ್ತೆ. ಮನೇಲಿರೋ ಎಮ್ಮೆನೂ ಜಪ್ತಿ ಮಾಡಬಹುದು."

ಎಮ್ಮೆಯ ಮಾತು ಬಂದಾಗ ಮಾದೇವಕ್ಕ ತಿರುಗಿ ತನ್ನ ಹಿತ್ತಲಿನ ಕಡೆ ನೋಡಿದಳು. ಆದರೂ ಬಾಯಿ ತೆರೆಯಲಿಲ್ಲ. ಮದುವೆಯಾದಂದಿನಿಂದ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ, ಅವನು ಸಾಯುವ ಹೊತ್ತಿಗೂ ಕರೆದಿರಲಿಲ್ಲ.

"ಆ ಮನುಷ್ಯ ಈಗ ಎಲ್ಲಿದಾನೆ? ಅದಾದ್ರೂ ಹೇಳಿ."

ಮಾದೇವಕ್ಕ ಬೆರಳು ಮೇಲೆ ಮಾಡಿದಳು. ಡಾಕ್ಟರ್ ತಲೆಯೆತ್ತಿ ಗುಡಿಯ ಮುಂದಿನ ಬೇವಿನ ಗಿಡದ ಕೊಂಬೆಗಳಲ್ಲಿ ಹುಡುಕಿದರು. ಗುಡಿಯ ಕಟ್ಟೆಯ ಮೇಲಿದ್ದವರು ನಗು ತಡೆಯಲಾರದೆ ಕೆಮ್ಮಿದರು.

ಮಾಶಾಬಿ ಹೆಂಗಸರ ನಡುವಿನಿಂದ ಮುಂದೆ ನುಗ್ಗಿದಳು. "ಅಯ್ಯ ಸಾಬ್, ಆಕಿಗಿ ಯಾಕ ಗೋಳಾಡಸ್ತೀರಿ? ಗಂಡನ ಹೆಸ್ರು ಹೆಂಡ್ತಿ ಹೇಳಂಗಿಲ್ರಿ. ನಾ ಹೇಳ್ತೀನಿ ಬರ್ಕೋರಿ. ಗುರುಲಿಂಗಪ್ಪ. ಸತ್ತು ನಾಕು ವರ್ಸ ಆತು. ಅವ್ರ ಹೆಸ್ರಿಲೇ ಬಸವ ಬಿಟ್ಟಾಳ."

ಡಾಕ್ಟರಿಗೆ ಬೆವರು ಬಂತು. ಹಿಂದೆ ಸರಿಯುವುದು ಅವಮಾನ ಅನ್ನಿಸಿರಬೇಕು. "ಅದೆಲ್ಲ ನಡೆಯಲ್ಲ. ಡ್ರೈವರ್, ಹಗ್ಗ ಹಾಕು. ನಾಳೆ ಲಾರಿ ಕಳಿಸ್ತೀನಿ, ಅಲ್ಲಿವರೆಗೂ ಕಟ್ಟಿ ಹಾಕಿ."

ಡ್ರೈವರ್ ಚಿತ್ತಾಪುರದ ಕಡೆಯವನು. ಹಗ್ಗ ತೆಗೆದುಕೊಂಡು ಹೋದ. ಹತ್ತಿರ ಹೋಗಿ, ಚಪ್ಪಲಿ ಕಳಚಿ, ಹೋರಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಹಗ್ಗವನ್ನು ಹಾಗೇ ಹಿಂದಕ್ಕೆ ತಂದು ಜೀಪಿನಲ್ಲಿ ಇಟ್ಟ.

"ನೌಕ್ರಿ ಬೇಕಾದ್ರ ತಗೋರಿ ಸಾಹೇಬ್ರ. ಬಸವಗ ಹಗ್ಗ ಹಾಕಿದ ಕೈಯಿಲೇ ಸ್ಟೇರಿಂಗ್ ಹಿಡಿದ್ರ ಜೀಪು ಸೇಡಂ ಮುಟ್ಟಂಗಿಲ್ಲ."

ಹಿಂದಕ್ಕೆ ಅದೇ ಜೀಪಿನಲ್ಲಿ ಹೋಗಬೇಕಾಗಿದ್ದ ಡಾಕ್ಟರ್ ಇದನ್ನು ಸ್ವಲ್ಪ ಯೋಚನೆ ಮಾಡಿದರು. ಅಷ್ಟರಲ್ಲಿ ಗುಮಾಸ್ತ ಅವರ ಕಿವಿಯ ಹತ್ತಿರ ಬಾಗಿದ. ಪಿಸುಮಾತು ಅಂದುಕೊಂಡಿದ್ದ, ಆದರೆ ಎಲ್ಲರಿಗೂ ಕೇಳಿಸಿತು.

"ಒಯ್ದ್ರ ಎಲ್ಲಿ ಕಟ್ಟೋಣ್ರಿ ಸರ್? ಕಚೇರಿಯಾಗ ಜಾಗಾ ಇಲ್ಲ, ಹುಲ್ಲಿಗಿ ಗ್ರಾಂಟ್ ಇಲ್ಲ. ನಿಮ್ಮ ಮನಿ ಮುಂದ ಕಟ್ಟಬೇಕಾಗ್ತದ. ಚಾರ್ಜ್ ನಿಮ್ಮ ಮ್ಯಾಗೇ ಬರ್ತದ."

ಡಾಕ್ಟರ್ ಹೋರಿಯನ್ನು ನೋಡಿದರು. ಹೋರಿ ಅವರನ್ನು ನೋಡಿ ಮೆಲುಕು ಹಾಕುವುದನ್ನು ನಿಲ್ಲಿಸಿತು.

"ಊರಲ್ಲಿ ಯಾರಾದ್ರೂ ಚಾರ್ಜ್ ತಗೋತೀರಾ?" ಎಂದು ಕೇಳಿದರು. ಧ್ವನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

ಊರಿಗೆ ಊರೇ ಒಂದು ಹೆಜ್ಜೆ ಹಿಂದೆ ಸರಿಯಿತು. ನಾನೂ ಸರಿದೆ.

"ಗುರುಲಿಂಗಪ್ಪ ಅದಾನಲ್ರಿ ಸರ್" ಅಂದ ಗುಮಾಸ್ತ.

"ಅವನು ಸತ್ತಿದಾನಲ್ಲಯ್ಯ!"

"ಅದಕ್ಕೇ ಭಾಳ ಛಲೋ ರೀ. ಅವಗ ವರ್ಗ ಆಗಂಗಿಲ್ಲ. ರಜಾ ಕೇಳಂಗಿಲ್ಲ. ಚಾರ್ಜ್ ಒಗದು ಐನಾಪುರಕ್ಕ ಓಡಂಗಿಲ್ಲ. ಇಂಥವ ನಮ್ಮ ಇಲಾಖಾದಾಗ ಒಬ್ಬನೂ ಇಲ್ಲ."

ಡಾಕ್ಟರ್ ನಗಲಿಲ್ಲ. ಜೀಪಿನ ಮೂತಿಯ ಮೇಲೆ ಕಾಗದ ಇಟ್ಟುಕೊಂಡರು. ಪೆನ್ನು ತೆರೆದು, ಮಾದೇವಕ್ಕನನ್ನು ಕೇಳಿದರು. ಈಗ ದನಿ ಮೆತ್ತಗಾಗಿತ್ತು, ಮಗ ತಾಯಿಯನ್ನು ಕೇಳುವ ಹಾಗೆ.

"ನಿಮ್ಮ ಯಜಮಾನರು ಒಪ್ಕೋತಾರೇನಮ್ಮ?"

ಮಾದೇವಕ್ಕ ಸೆರಗಿನೊಳಗಿಂದಲೇ ಅಂದಳು: "ಇದ್ದಾಗ ಯಾವ ಜಿಮ್ಮೇದಾರಿನೂ ತಗೊಂಡವ್ರಲ್ಲರಿ. ಈಗರೆ ತಗೋಳ್ಲಿ."

ಹೋರಿಯ ಚಾರ್ಜು ಗುರುಲಿಂಗಪ್ಪನ ಕಡೆ ಇದೆ ಎಂದು ಡಾಕ್ಟರ್ ಬರೆದರು. ಅವಳ ಹೆಸರು ಎಲ್ಲಿಯೂ ಬರೆಯಲಿಲ್ಲ, ಗುಮಾಸ್ತ ಗಟ್ಟಿಯಾಗಿ ಓದಿ ಹೇಳಿದ. ಜೀಪು ಹೋಯಿತು. ಧೂಳು ಆಡಕಿಯ ದಾರಿಯಲ್ಲಿ ಬಹಳ ಹೊತ್ತು ನಿಂತಿತ್ತು.

ಜನ ಚದುರುವ ಮೊದಲೇ ಹೋರಿ ಎದ್ದು ಮೈ ಕೊಡವಿತು. ಇಷ್ಟು ಗದ್ದಲಕ್ಕೆ ಅದಕ್ಕೆ ಹಸಿವಾಗಿರಬೇಕು. ಹಳೆಯ ರೂಢಿಯಲ್ಲಿ ನೇರ ಮಾದೇವಕ್ಕನ ಹಿತ್ತಲಿಗೆ ನಡೆದು ಬಣವಿಗೆ ಬಾಯಿ ಹಾಕಿತು. ನಾವೆಲ್ಲ ಹಿಂದೆಯೇ ಹೋದೆವು. ಮಾದೇವಕ್ಕ ಓಡಿ ಬಂದು ಕೋಲು ಎತ್ತಿದಳು. ಕೋಲು ಅರ್ಧಕ್ಕೆ ನಿಂತಿತು. ಬಸವನಿಗೆ ಹೊಡೆಯುವ ಹಾಗಿಲ್ಲ, ಹೆಸರು ಹಿಡಿದು ಗದರಿಸುವ ಹಾಗೂ ಇಲ್ಲ. ಹೋರಿ ಇನ್ನೊಂದು ಸಿವುಡು ಎಳೆಯಿತು.

ಅವಳು ಕೋಲು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡಳು. ಒಂದೇ ಒಂದು ಸಿವುಡು ತೆಗೆದು ಅದರ ಮುಂದೆ ಹಾಕಿ, ಮಿಕ್ಕ ಬಣವಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. "ಇಷ್ಟೇ ನೋಡ್ರಿ. ಇದ್ರ ಮ್ಯಾಗ ಎಮ್ಮಿದು. ತಿಂದು ಏಳ್ರಿ, ಮುಂದಿನ ಮನಿಗಿ ಹೋಗ್ರಿ" ಅಂದಳು.

ಹೋರಿ ಸಿವುಡು ಮುಗಿಸಿತು, ಅವಳ ಮುಖ ನೋಡಿತು, ಅವಳು ಕದಲಲಿಲ್ಲ. ಆ ಕಡೆ ಮಾಶಾಬಿ ಮೊರದಲ್ಲಿ ನುಚ್ಚು ಹಿಡಿದುಕೊಂಡು ತನ್ನ ಅಂಗಳದಲ್ಲಿ ನಿಂತು, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಬರ್ರಿ ಗುರುಲಿಂಗಪ್ಪನೋರ, ಬರ್ರಿ! ಇವತ್ತ ನಮ್ಮನ್ಯಾಗ ಊಟ."